ಖಾಸಿಂ ಸಾಬರ ಎರಡು ಕೈಗಳು

ಕೆಲಸ ಮುಗಿದದ್ದೇ ತಡ, ಖಾಸಿಂ ಸಾಬರ ಎರಡೂ ಕೈಗಳು ಭುಜದೆತ್ತರಕ್ಕೆ ಎದ್ದುಬಿಡುತ್ತಿದ್ದವು. ಚನ್ನಪಟ್ಟಣದ ತಮ್ಮ ಕಾರ್ಖಾನೆಯಲ್ಲಿ ಬೊಂಬೆಗೆ ಅರಗಿನ ಬಣ್ಣ ಏರಿಸಿ ಮುಗಿಸಿದಾಗಲೂ ಹಾಗೆಯೇ, ಊಟದ ತಟ್ಟೆ ಖಾಲಿಯಾದಾಗಲೂ ಹಾಗೆಯೇ. ತಿರುಗುವ ಯಂತ್ರದ ಬಳಿ ಕೆಲಸವಿಲ್ಲದ ಬೆರಳು ಇರಬಾರದೆಂದು ತಂದೆ ಬಾಲ್ಯದಲ್ಲೇ ಬಡಿದು ಕಲಿಸಿದ ಶಿಸ್ತು ಅದು; ಐವತ್ತು ವರ್ಷದ ಕಸುಬಿನಲ್ಲಿ ಹತ್ತೂ ಬೆರಳು ಉಳಿದದ್ದು ಅದರಿಂದಲೇ.

ಆದರೆ ಅದೇ ಶಿಸ್ತು ಅವರ ಎರಡು ವಿಮಾನಗಳನ್ನು ನುಂಗಿತ್ತು. ಅರಗಿನ ಕಲೆ ಹತ್ತಿದ ಖಾಕಿ ಕೋಟು ತೊಟ್ಟು, ವಿಮಾನವನ್ನು ದೂರದಿಂದಲೇ ಆಡಿಸುವ ಎರಡು ಕಡ್ಡಿಗಳ ರೇಡಿಯೋ ಪೆಟ್ಟಿಗೆಯನ್ನು ಕೊರಳಿಗೆ ನೇತುಹಾಕಿಕೊಂಡು ಅವರು ಹಾರಿಸುತ್ತಿದ್ದದ್ದು ಹಳೆಯ ಯುದ್ಧವಿಮಾನಗಳ ಮಾದರಿಗಳನ್ನು: ಮುಂದೆ ಎರಡು ದೊಡ್ಡ ಗಾಲಿ, ಬಾಲದಡಿ ಒಂದು ಪುಟ್ಟದು. ಮೂತಿಯ ಕೆಳಗೆ ಗಾಲಿಯಿರುವ ಸಾಧು ವಿಮಾನ ಮಾಡಿಕೊಳ್ಳಿ ಎಂದರೆ ಒಪ್ಪುವ ಆಸಾಮಿಯಲ್ಲ. ಇವುಗಳದ್ದೋ ಇಳಿದ ಮೇಲೂ ಹಟ. ನೆಲದ ಮೇಲೆ ಓಡುವಾಗ ಕಡ್ಡಿ ಸಡಿಲಬಿಟ್ಟರೆ ಗಿರಕ್ಕನೆ ತಿರುಗಿ ಮೂತಿಯನ್ನು ಮಣ್ಣಿಗೆ ಕುಕ್ಕುತ್ತವೆ. ಸಾಬರು ಗಾಲಿ ನೆಲ ಮುಟ್ಟಿತೋ ಇಲ್ಲವೋ, ಕೈ ಎತ್ತಿಬಿಡುತ್ತಿದ್ದರು.

"ಸಾಬ್ರೇ, ನೆಲ ಮುಟ್ದೇಟ್ಗೆ ಮುಗೀತು ಅನ್ಕಬುಟ್ರಲ್ಲ!" ಎಂದು ಮರಳವಾಡಿಯ ಗೆಳೆಯ ಕೆಂಚಯ್ಯ ಹಲುಬುತ್ತಿದ್ದ. ರಾಗಿ ಕುಯ್ದು ಸಮ ಮಾಡಿದ ಅವನ ಹೊಲವೇ ಇವರ ವಿಮಾನ ನಿಲ್ದಾಣ.

ಮೂರನೆಯ ವಿಮಾನ ಕಟ್ಟಲು ಎರಡು ವರ್ಷ ಹಿಡಿಯಿತು. ಇದೂ ಮುರಿದರೆ ಇನ್ನು ವಿಮಾನದ ಸಹವಾಸವೇ ಬೇಡವೆಂದು ಹೆಂಡತಿ ಜೈನಬ್‌ಗೆ ಮಾತು ಕೊಟ್ಟಿದ್ದರು. ಕೊಟ್ಟ ಮಾತಿಗೆ ತಪ್ಪುವವರಲ್ಲ ಎಂಬುದೇ ಅವರ ಸಂಕಟ. ಹಾರಿಸುವ ಬೆಳಿಗ್ಗೆ, ಹೊಲದಲ್ಲಿ ನಾಲ್ಕು ಜನ ನೆರೆದಿರುವಾಗಲೇ, ಕೆಂಚಯ್ಯನ ಕಡೆ ತಿರುಗಿದರು.

"ಕೆಂಚಣ್ಣ, ನಿನ್ ಟವಲ್ಲಿಂದ ನನ್ ಕೈ ಈ ಪೆಟ್ಗೆಗೆ ಕಟ್ಬುಡು. ಇವುನ್ನ ನಂಬಕಾಗಕಿಲ್ಲ."

ಹೆಬ್ಬೆರಳಷ್ಟೇ ಆಡುವಂತೆ ಕೆಂಚಯ್ಯ ಮಣಿಕಟ್ಟು ಬಿಗಿದ. ಸಾಬರು ಕಡ್ಡಿ ಹಿಂದಕ್ಕೆಳೆದು ಬಾಲವನ್ನು ನೆಲಕ್ಕೊತ್ತಿ ಹಿಡಿದು, ವೇಗವನ್ನು ಮೆಲ್ಲಮೆಲ್ಲನೆ ಏರಿಸಿ, ಎಡಕ್ಕೆಳೆಯುವ ಮೂತಿಯನ್ನು ಬಲಕ್ಕೆ ತಿದ್ದುತ್ತ ತಿದ್ದುತ್ತ ಮೇಲೇರಿಸಿದರು. ನಾಲ್ಕು ಸುತ್ತು ಹೊಡೆಸಿ ಇಳಿಸಿದಾಗ ಮೂರೂ ಗಾಲಿ ಒಟ್ಟಿಗೆ ನೆಲ ಮುಟ್ಟಿದವು. ಅದೇ ಗಳಿಗೆಗೆ ಕೈಗಳು ಏಳಹೋಗಿ ಟವಲು ಜಗ್ಗಿತು, ಗಂಟು ಬಿಡಲಿಲ್ಲ. ವಿಮಾನ ನೆಟ್ಟಗೆ ಓಡಿ, ನಿಧಾನಿಸಿ, ನಿಂತಿತು.

ಗಂಟು ಬಿಚ್ಚಿದ ಮೇಲೂ ಸಾಬರ ಹೆಬ್ಬೆರಳುಗಳು ಕಡ್ಡಿಯ ಮೇಲೇ ಇದ್ದವು.

"ನಿಂತೈತೆ ಕಣ್ರೀ, ಬುಡಿ" ಎಂದ ಕೆಂಚಯ್ಯ. ಆಗ ಎದ್ದವು ನೋಡಿ, ಆ ಕೈಗಳು!

ಕೈಚಳಕಕ್ಕೆ ಹೆಸರಾದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅನ್ನ ಕೊಟ್ಟ ಕೈಯ ದೋಷವನ್ನೂ ಅರಿತು, ನಾಲ್ಕು ಜನರೆದುರು ಅದನ್ನು ಕಟ್ಟಿಸಿಕೊಳ್ಳಲು ನಾಚದವರು ಅಪರೂಪ. ಅಂಥವರ ವಿಮಾನಗಳೇ ಇಡಿಯಾಗಿ ಮನೆಗೆ ಬರುವುದು.