ಹಿಂತಿರುಗಿ ನೋಡದ ಏಕಾಂತಪ್ಪ

ಏಕಾಂತಪ್ಪ ಹಿಂತಿರುಗಿ ನೋಡುವವನಲ್ಲ. ಅವನ ಧೈರ್ಯವನ್ನೋ ವೈರಾಗ್ಯವನ್ನೋ ಹೊಗಳಲು ನಾನು ಈ ಮಾತು ಹೇಳುತ್ತಿಲ್ಲ; ಅವನ ಕತ್ತಿನ ವಿಷಯ ಹೇಳುತ್ತಿದ್ದೇನೆ. ದುರ್ಗದ ಪೇಟೆಬೀದಿಯಲ್ಲಿ ಹಿಂದಿನಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ಅವನು ನಿಲ್ಲುತ್ತಿರಲಿಲ್ಲ, ತಿರುಗುತ್ತಲೂ ಇರಲಿಲ್ಲ. ಹೆಜ್ಜೆ ಹಾಕುತ್ತಲೇ, ಎದುರಿನ ಗಾಳಿಗೆ ಉತ್ತರ ಕೊಡುವವನಂತೆ, "ಹೇಳ್ರಿ, ಕೇಳಿಸ್ತೈತೆ" ಎನ್ನುತ್ತಿದ್ದ. ಹೇಳಬೇಕಾದವರು ಪಂಚೆ ಎತ್ತಿ ಕಟ್ಟಿ ಅವನ ಬೆನ್ನಟ್ಟಬೇಕು. ಪಾಠಶಾಲೆಯ ಉಪಾಧ್ಯಾಯನಾದ ನಾನು, ಜಾರುವ ರುಮಾಲನ್ನು ಒಂದು ಕೈಯಲ್ಲಿ ಒತ್ತಿ ಹಿಡಿದುಕೊಂಡು, ನನ್ನ ವಿದ್ಯಾರ್ಥಿಗಳ ಕಣ್ಣೆದುರಿಗೇ ಹಾಗೆ ಓಡಿದ್ದೇನೆ. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ಕೃಶವಾದ, ಉದ್ದನೆಯ ದೇಹ. ಬಿಸಿಲಿಗೆ ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ನಡೆಯುವವನ ನಡಿಗೆ. ಮೈಮೇಲೆ ವರ್ಷವಿಡೀ ಒಂದೇ ಕಾಕಿ ಕೋಟು. ಅದರ ಬಲಜೇಬಿನಲ್ಲಿ ಸದಾ ಒಂದು ಭಾರವಾದ ಸ್ಪ್ಯಾನರು ಇರುತ್ತಿದ್ದುದರಿಂದ ಕೋಟಿನ ಬಲಭಾಗವೆಲ್ಲ ಕೆಳಕ್ಕೆ ಜಗ್ಗಿ, ಮನುಷ್ಯ ನಿಂತಲ್ಲೇ ವಾಲಿದಂತೆ ಕಾಣುತ್ತಿತ್ತು. ಯಾರು ಯಾವ ವಿಷಯ ಹೇಳಿ ಮುಗಿಸಿದರೂ, ಎಷ್ಟೋ ಸಲ ಮುಗಿಸುವ ಮೊದಲೇ, ಅವನದು ಒಂದೇ ಪ್ರಶ್ನೆ: "ಆತಲ್ಲ, ಮುಂದೆ?" ತನ್ನ ಮದುವೆಯಲ್ಲಿ ಅಯ್ಯನವರು ಮಂತ್ರದ ನಡುವೆ ಉಸಿರು ತೆಗೆದುಕೊಳ್ಳಲು ನಿಂತಾಗಲೂ ಹಾಗೇ ಕೇಳಿದನಂತೆ, ಪಕ್ಕದಲ್ಲಿ ತಲೆತಗ್ಗಿಸಿ ಕುಳಿತಿದ್ದ ಮದುವಣಗಿತ್ತಿ ನಕ್ಕುಬಿಟ್ಟಳಂತೆ. ಸೋದರಮಾವನ ಮಣ್ಣು ಮುಗಿಸಿ ಎಲ್ಲರೂ ಮೌನವಾಗಿ ನಿಂತಿದ್ದಾಗ ಕೇಳಿದ್ದನ್ನಂತೂ ನಾನೇ ಕಿವಿಯಾರೆ ಕೇಳಿದ್ದೇನೆ. ಆ ದಿನ ಹಿರಿಯರು ಅವನನ್ನು ಹೊಡೆಯಲು ಹೋಗಿದ್ದರು.

ಇಂಥವನ ಒಡಹುಟ್ಟಿದ ಅಣ್ಣ ತಿಪ್ಪೇರುದ್ರಪ್ಪನವರು. ಪೇಟೆಯಲ್ಲಿ ದೊಡ್ಡ ಹತ್ತಿ ಮಂಡಿ ಅವರದು. ಬೆಳಿಗ್ಗೆ ವಿಭೂತಿ ಧರಿಸಿ ಗಾದಿಯ ಮೇಲೆ ಕುಳಿತರೆ ದೀಪ ಹಚ್ಚುವವರೆಗೆ ಅವರ ದೇಹದಲ್ಲಿ ಅಲುಗುತ್ತಿದ್ದುದು ಹತ್ತಿಯ ಎಳೆ ಹಿಂಜಿ ನೋಡುವ ಎರಡು ಬೆರಳು ಮಾತ್ರ. ಸುತ್ತಿನ ಊರುಗಳಿಗೆ ಹೋಗಿ ಬೆಳೆ ನೋಡುವುದು, ಹತ್ತಿ ಸಾಗಿಸುವ ಗಾಡಿಗಳನ್ನು ಗೊತ್ತುಮಾಡುವುದು ತಮ್ಮನ ಪಾಲಿನ ಕೆಲಸ. ಮೊದಲು ಅವನಿಗೊಂದು ಕುದುರೆ ಕೊಡಿಸಿದ್ದರು. ಇವನ ಅವಸರಕ್ಕೆ ಬೇಸತ್ತು ಅದು ಒಂದು ದಿನ ಹಿರಿಯೂರಿನ ಸಂತೆಯಿಂದಲೇ ತಪ್ಪಿಸಿಕೊಂಡು ಹೋಯಿತು. ಆಮೇಲೆ ಮಾರಿಕಣಿವೆಯ ಅಣೆಕಟ್ಟೆಯಲ್ಲಿ ಕೆಲಸಕ್ಕಿದ್ದ ಒಬ್ಬ ಇಂಜಿನಿಯರು ವರ್ಗವಾಗಿ ಹೋಗುವಾಗ ಬಿಟ್ಟುಕೊಟ್ಟ ಮೋಟಾರು ಸೈಕಲ್ಲು ಈ ಮನೆಗೆ ಬಂತು.

ಅವರ ತಾಯಿ ಶಿವಗಂಗಮ್ಮನವರು ಅಂಗಳದಲ್ಲಿ ಅದರ ಸದ್ದು ಕೇಳಿದವರೇ ದೇವರ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಹೊರಗೆ ಬರಬೇಕಾದರೆ ಒಂದು ಷರತ್ತು ಎಂದರು. "ಇವನು ಒಂದು ಸಲ ಬಿದ್ದ ಅಂತ ನನ್ನ ಕಿವಿಗೆ ಬಂದ್ರೆ, ಆ ಭೂತ ಈ ಮನ್ಯಾಗೆ ಇರಬಾರ್ದು." ಸಾಕ್ಷಿಗೆಂದು ಕರೆಸಿಕೊಂಡಿದ್ದ ನಾನು ನ್ಯಾಯಕ್ಕೆ ಒಂದು ಮಾತು ಸೇರಿಸಿದೆ: ಬೇರೆಯವರ ತಪ್ಪಿನಿಂದ ಬಿದ್ದರೆ ಅದು ಲೆಕ್ಕಕ್ಕಿಲ್ಲ, ತನ್ನ ತಪ್ಪಿನಿಂದ ಬಿದ್ದರೆ ಮಾತ್ರ ಮಾರಬೇಕು. ಅಣ್ಣ ಆಗಲಿ ಎಂದರು, ಏಕಾಂತಪ್ಪ ಎದೆಯ ಮೇಲಿನ ಲಿಂಗ ಮುಟ್ಟಿ ಒಪ್ಪಿದ, ಮುದುಕಿ ಬಾಗಿಲು ತೆಗೆದರು.

ಆ ವಾಹನ ಅವನಿಗೆ ಏನಾಗಿತ್ತೆಂಬುದನ್ನು ಹೇಳದೆ ಮುಂದೆ ಹೋದರೆ ಅವನಿಗೆ ಅನ್ಯಾಯ ಮಾಡಿದಂತೆ. ಉಣ್ಣುವಾಗ ಎಲೆಯ ಮುಂದಿನಿಂದ ಏಳುತ್ತಿದ್ದವನು, ಮಠದ ದಾಸೋಹದಲ್ಲಿ ಸಾಲಿನಲ್ಲಿ ಕೂರಲಾರದೆ ಬಡಿಸಲು ನಿಲ್ಲುತ್ತಿದ್ದವನು, ಹಾಸಿಗೆಯಲ್ಲಿ ಕೂಡ ಕಾಲು ಕುಣಿಸುತ್ತಾನೆಂದು ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದವನು, ಮೋಟಾರು ಸೈಕಲ್ಲು ಓಡತೊಡಗಿದೊಡನೆ ಸ್ಥಿರವಾಗಿಬಿಡುತ್ತಿದ್ದ. ರಸ್ತೆ ಸರಸರನೆ ಕೆಳಗೆ ಹರಿಯುವಾಗ ಅವನ ಭುಜ ಇಳಿಯುತ್ತಿತ್ತು, ಹುಬ್ಬು ಸಡಿಲವಾಗುತ್ತಿತ್ತು, ಆ ಮುಖ ಬೇರೆಯವನದೇ ಎನ್ನಿಸುತ್ತಿತ್ತು. "ಮೇಷ್ಟ್ರೇ, ಇದರ ಮ್ಯಾಲೆ ಕುಂತಾಗ ಒಳಗೆ ಯಾವ್ದೋ ಒಂದು ನಿಲ್ತೈತೆ" ಎಂದು ಒಮ್ಮೆ ಹೇಳಿದ್ದ. ಏನು ನಿಲ್ಲುತ್ತದೆಂದು ಅವನಿಗೂ ಗೊತ್ತಿರಲಿಲ್ಲ, ನಾನೂ ಕೇಳಲಿಲ್ಲ.

ಹತ್ತಿಯ ಸುಗ್ಗಿಯ ಒಂದು ಭಾನುವಾರ ನನಗೆ ಹೊಳಲ್ಕೆರೆಯಲ್ಲಿ ಬಂಧುಗಳ ಮನೆಯ ಕೆಲಸವಿತ್ತು. ಅವನೂ ಅತ್ತ ಹೊರಟಿದ್ದ. ಹಿಂದಿನ ಕಬ್ಬಿಣದ ಚೌಕಟ್ಟಿಗೆ ಗೋಣಿಚೀಲ ಮಡಿಸಿ ಕಟ್ಟಿ ನನ್ನನ್ನು ಕೂರಿಸಿಕೊಂಡ. ದಾರಿಯಲ್ಲೊಂದು ಉದ್ದನೆಯ ಇಳಿಜಾರಿದೆ. ದುರ್ಗದಿಂದ ಹೋಗುವವರಿಗೆ ಇಳಿತ, ಹತ್ತಿ ಹೊತ್ತು ಬರುವ ಗಾಡಿಗಳಿಗೆ ಎದೆಯೊಡೆಯುವ ಏರು. ಅಲ್ಲಿ ನಾವು ಇಳಿಯುವಾಗ ಎದುರಿಗೆ ಒಂದು ಎತ್ತಿನ ಗಾಡಿ ನಿಂತಿತ್ತು. ಎರಡು ಜೊತೆ ಕೊಂಬು, ಹತ್ತಿ ತುಂಬಿದ ದೊಡ್ಡ ಚೀಲಗಳು, ಒಂದು ಕೆಂಪು ಸೀರೆ, ಇಷ್ಟು ನನ್ನ ಕಣ್ಣಿಗೆ ಬಿದ್ದು ಮಾಯವಾಯಿತು. ಬೆನ್ನ ಹಿಂದೆ ಒಂದು ಕೂಗು ಕೇಳಿಸಿತು. ನಾನು ಅವನ ಕಿವಿಯ ಹತ್ತಿರ ಬಾಯಿಟ್ಟು ಯಾರೋ ಕೂಗಿದರೆಂದೆ.

"ಕೂಗ್ಲಿ ಬಿಡ್ರಿ, ದಿನಾ ಕೂಗ್ತಾರೆ" ಎಂದು ಅವನು ಇನ್ನಷ್ಟು ವೇಗ ಕೊಟ್ಟ.

ಮಧ್ಯಾಹ್ನ ಹಿಂದಿರುಗುವಾಗ ಅದೇ ಏರಿನಲ್ಲಿ ನಾವು ಬಿದ್ದೆವು. ಅಂಥ ಜೋರಾಗಿ ಬಿದ್ದದ್ದೇನಲ್ಲ. ರಸ್ತೆಯ ನಡುವೆ ಬಿದ್ದಿದ್ದ ಒಂದು ಕಲ್ಲಿಗೆ ಮುಂದಿನ ಚಕ್ರ ತಾಗಿ, ವಾಹನ ಪಕ್ಕಕ್ಕೆ ಒರಗಿ, ಅವನು ಎಡಕ್ಕೆ ಹೋದ, ನಾನು ಬಲಕ್ಕೆ ಹೋದೆ. ಅವನ ಮೊಣಕಾಲು ತರಚಿತು, ಅಂಗೈ ಕೆಂಪಾಯಿತು, ಚಕ್ರ ಸೊಟ್ಟಗಾಯಿತು. ನಾನು ಬಂದರಿ ಪೊದೆಯಲ್ಲಿ ಕುಳಿತು, ಸುಸ್ಥಿತಿಯಲ್ಲಿದ್ದ ನನ್ನ ಮೈಯನ್ನೂ ಸುಸ್ಥಿತಿಯಲ್ಲಿಲ್ಲದ ನನ್ನ ರುಮಾಲನ್ನೂ ಸವರಿ ನೋಡುತ್ತಿರುವಷ್ಟರಲ್ಲೇ ಅವನು ಎದ್ದು ಕುಂಟುತ್ತ ಅತ್ತಿಂದಿತ್ತ ತಿರುಗಾಡತೊಡಗಿದ್ದ.

ಇಂಥ ಏರುಗಳಲ್ಲಿ ಗಾಡಿಯವರದೊಂದು ಕ್ರಮವಿದೆ. ಎತ್ತುಗಳಿಗೆ ಉಸಿರು ತಿರುಗಲೆಂದು ಆಗಾಗ ಗಾಡಿ ನಿಲ್ಲಿಸುತ್ತಾರೆ. ಹಿಂದೆ ನಡೆದು ಬರುವವರು ಆಗ ಚಕ್ರದ ಹಿಂಬದಿಗೆ ಒಂದು ಕಲ್ಲು ಕೊಡುತ್ತಾರೆ, ಇಲ್ಲವಾದರೆ ಭಾರಕ್ಕೆ ಗಾಡಿ ಹಿಂದಕ್ಕೆ ಉರುಳುತ್ತದೆ. ಮತ್ತೆ ಹೊರಡುವಾಗ ಆ ಕಲ್ಲನ್ನು ಎತ್ತಿಕೊಂಡು ಹೋಗಬೇಕು. ಎಷ್ಟೋ ಜನ ಎತ್ತದೆ ಹೋಗುತ್ತಾರೆ. ಏಕಾಂತಪ್ಪ ಆ ಕಲ್ಲನ್ನು ಎರಡು ಕೈಯಲ್ಲಿ ಎತ್ತಿಕೊಂಡ. ಅವನ ಮುಖದಲ್ಲಿ ಸಿಟ್ಟಿತ್ತು. ಸಿಟ್ಟಿನ ಕೆಳಗೆ ಒಂದು ದೊಡ್ಡ ಸಮಾಧಾನವೂ ಇತ್ತು.

"ಇದನ್ನ ಅಣ್ಣನ ಮುಂದೆ ಇಡ್ತೀನಿ ಮೇಷ್ಟ್ರೇ. ಯಾವನೋ ಗಾಡಿಯವನು ಬಿಟ್ಟು ಹೋಗ್ಯಾನೆ. ತಪ್ಪು ನಂದಲ್ಲ, ನೀವೇ ಸಾಕ್ಷಿ" ಎಂದ.

ವಾಹನವನ್ನು ತಳ್ಳಿಕೊಂಡು ಏರಿನ ತುದಿಗೆ ಬಂದರೆ ಹುಣಸೆಮರದ ಕೆಳಗೆ ಬೆಳಗಿನ ಗಾಡಿಯೇ ನಿಂತಿತ್ತು. ತಾಳ್ಯದ ಗೊಲ್ಲಪ್ಪನ ಗಾಡಿ; ವರ್ಷಗಳಿಂದ ತಿಪ್ಪೇರುದ್ರಪ್ಪನವರ ಮಂಡಿಗೆ ಹತ್ತಿ ಸಾಗಿಸುವವನು. ಮುರಿದ ನೊಗವನ್ನು ಬಿಚ್ಚಿ, ಹತ್ತಿರದ ಹಟ್ಟಿಯಿಂದ ಕೇಳಿ ತಂದ ಬೇರೊಂದು ನೊಗವನ್ನು ಕಟ್ಟುತ್ತಿದ್ದ. ನಮ್ಮನ್ನು ಕಂಡು ಗಾಬರಿಯಾಗಿ, "ಅಯ್ಯೋ, ಏನಾತು ಸಾವ್ಕಾರ್ರೆ, ಕುಂತ್ಕಳ್ರಿ" ಎನ್ನುತ್ತ ಓಡಿಬಂದ. ಮೋಟಾರು ಸೈಕಲ್ಲನ್ನು ಹತ್ತಿಚೀಲಗಳ ಮೇಲೇರಿಸಿ ಹಗ್ಗ ಬಿಗಿದೆವು. ಏಕಾಂತಪ್ಪ ಕಲ್ಲನ್ನೂ ಗಾಡಿಯ ಅಂಚಿನಲ್ಲಿಟ್ಟ.

ಗೊಲ್ಲಪ್ಪನ ಹೆಂಡತಿ ಗಿರಿಯಮ್ಮ ಅದನ್ನು ಕಂಡದ್ದೇ ಮುಖ ಅರಳಿಸಿದಳು. "ಅಯ್ಯ, ನಮ್ಮ ಕಲ್ಲು. ಎಲ್ಲಿ ಸಿಕ್ತು ಸಾವ್ಕಾರ್ರೆ? ಹೋತು ಅಂದ್ಕಂಡಿದ್ದೆ."

"ಏ, ಸುಮ್ಕಿರು" ಎಂದು ಗೊಲ್ಲಪ್ಪ ಗದರಿದ. "ಕಲ್ಲು ಅಂದ್ರೆ ಎಲ್ಲಾ ಒಂದೇ ತರ ಇರ್ತಾವೆ."

"ಅದೆಂಗೆ ಒಂದೇ ತರ ಇರ್ತಾವೆ? ನಮ್ಮವ್ವನ ಮನೆ ಬೀಸೋ ಕಲ್ಲು ಒಡದಾಗ ತಂದಿದ್ದಲ್ವಾ ಇದು? ನಂಗೆ ಗೊತ್ತಾಗಲ್ಲೇನು?"

ನಾನು ಬಗ್ಗಿ ನೋಡಿದೆ. ಹೌದು, ಬೀಸುವ ಕಲ್ಲಿನ ಅರ್ಧ ಹೋಳು. ಒಂದು ಕಡೆ ದುಂಡಗೆ, ಇನ್ನೊಂದು ಕಡೆ ಚಕ್ರದ ಪಟ್ಟಿ ಉಜ್ಜಿ ಉಜ್ಜಿ ನುಣುಪಾಗಿತ್ತು.

ಏಕಾಂತಪ್ಪನ ಧ್ವನಿ ಏರಿತು. "ಹಂಗಾದ್ರೆ ದಾರ್ಯಾಗೆ ಬಿಟ್ಟು ಬಂದೋಳು ನೀನೇ ಏನವ್ವ?"

ಆಗ ಅವಳು ಸೆರಗಿನೊಳಗಿದ್ದ ಬಲಗೈ ಹೊರಗೆ ತೆಗೆದಳು. ಬೆರಳುಗಳಿಗೆ ಸುತ್ತಿದ ಬಟ್ಟೆ ರಕ್ತದಿಂದ ನೆನೆದು ಒಣಗಿತ್ತು. "ಬಿಟ್ಟು ಬರಲಿಲ್ಲ ಸಾವ್ಕಾರ್ರೆ. ಚಕ್ರಕ್ಕೆ ಕೊಟ್ಟಿದ್ದು ಎತ್ಕಳಾಕೆ ಬಗ್ಗಿದ್ದೆ. ನಿಮ್ಮ ಗಾಡಿ ಸದ್ದಿಗೆ ಎತ್ತು ಬೆದರಿ ಹಿಂದಕ್ಕೆ ಸರಿದು ಒಂದೇ ಸಲಕ್ಕೆ ಎಳದ್ವು, ನೊಗಾನೂ ಬಿರೀತು. ಕೈ ತಗಳ್ಳೋ ಅಷ್ಟ್ರಾಗೆ ಚಕ್ರ ಹತ್ತಿ ಹಿಂಗಾತು, ಕಲ್ಲು ಅಲ್ಲೇ ಉಳೀತು. ಕೂಗ್ದೆ. ನೀವು ತಿರುಗಿ ನೋಡ್ಲಿಲ್ಲ."

ಆ ಮಾತಿನಲ್ಲಿ ದೂರು ಇರಲಿಲ್ಲ. ಆದದ್ದನ್ನು ಆದ ಹಾಗೆ ಹೇಳಿದಳು, ಅಷ್ಟೆ. ಗೊಲ್ಲಪ್ಪನೇ ಕೈಮುಗಿದು, "ಅವಳ ಮಾತು ಹಿಡೀಬ್ಯಾಡ್ರಿ. ದೊಡ್ಡ ಸಾವ್ಕಾರ್ರಿಗೆ ಈ ಕಲ್ಲು ನಮ್ದು ಅಂತ ತಿಳಿದ್ರೆ ಮಂಡಿ ಬಾಡಿಗೆ ತಪ್ಪಿಸ್ತಾರೆ. ಆಮ್ಯಾಲೆ ಪೇಟ್ಯಾಗೆ ಯಾರೂ ನಮ್ಮನ್ನ ಕರೆಯಲ್ಲ" ಎಂದು ಬೇಡಿಕೊಂಡ.

ದುರ್ಗದ ತನಕ ಏಕಾಂತಪ್ಪ ಒಂದು ಕಡೆ ಕೂರಲಿಲ್ಲ. ಗಾಡಿಯ ಮೇಲೆ ಕುಳಿತ, ಇಳಿದ, ಕುಂಟುತ್ತ ಪಕ್ಕದಲ್ಲಿ ನಡೆದ, ಮತ್ತೆ ಹತ್ತಿದ. ಮೇಲೆ ಕಟ್ಟಿದ್ದ ತನ್ನ ವಾಹನವನ್ನು ಮುಟ್ಟಿ ನೋಡಿದ, ಗಿರಿಯಮ್ಮನ ಕೈಯ ಕಡೆ ನೋಡಿದ, ಜೇಬಿನ ಸ್ಪ್ಯಾನರನ್ನು ಹೊರಗೆ ತೆಗೆದು ಒಳಗಿಟ್ಟ. ಕಲ್ಲು ಗೊಲ್ಲಪ್ಪನದೆಂದು ಒಂದು ಮಾತು ಆಡಿದರೆ ವಾಹನ ಉಳಿಯುತ್ತದೆ, ಅದೂ ಸುಳ್ಳಿನ ಮಾತಲ್ಲ. ಆಡದಿದ್ದರೆ ಅವನು ಮತ್ತೆ ಆ ಹಳೆಯ, ಎಲ್ಲೂ ಕೂರಲಾಗದ ಮನುಷ್ಯ. ನನಗೆ ಅವನನ್ನು ನೋಡಿ ಸಂಕಟವಾಯಿತು. ಆ ಸಂಕಟದಲ್ಲಿ ನನಗೂ ಗಾಡಿಯ ಮೇಲೆ ಕೂರಲಾಗಲಿಲ್ಲ.

ಸಂಜೆ ಮಂಡಿಯ ಮುಂದೆ ಗಾಡಿ ನಿಂತಾಗ ತಿಪ್ಪೇರುದ್ರಪ್ಪನವರು ಗಾದಿಯಿಂದ ಎದ್ದು ಬಂದರು. ಅವರು ಎದ್ದದ್ದೇ ಒಂದು ಘಟನೆ. ತಮ್ಮನ ಹರಿದ ಷರಾಯಿ, ಸೊಟ್ಟ ಚಕ್ರ, ಕಲ್ಲು, ಎಲ್ಲವನ್ನೂ ಒಂದು ಸುತ್ತು ನೋಡಿ, "ಯಾರ್ದು ಈ ಕಲ್ಲು?" ಎಂದರು. ಗೊಲ್ಲಪ್ಪ ಎತ್ತಿನ ಮರೆಗೆ ಸರಿದ.

"ನಂದು" ಎಂದ ಏಕಾಂತಪ್ಪ.

"ನಿಂದು ಅಂದ್ರೆ?"

"ಬೆಳಿಗ್ಗೆ ಹೋಗ್ತಾ ನಾನೇ ಅದು ದಾರ್ಯಾಗೆ ಬೀಳೋ ಹಂಗೆ ಮಾಡಿದ್ದು. ವಾಪಸ್ ಬರ್ತಾ ನಾನೇ ಅದಕ್ಕೆ ತಾಗಿದ್ದು."

ಅಣ್ಣ ನನ್ನ ಕಡೆ ತಿರುಗಿ, ತಲೆಗೇನಾದರೂ ಪೆಟ್ಟಾಗಿದೆಯೋ ಎಂಬಂತೆ ಕಣ್ಣಲ್ಲೇ ಕೇಳಿದರು. ಇಲ್ಲವೆಂದು ನಾನು ತಲೆಯಾಡಿಸಿದೆ. "ಬೇರೆಯವರ ತಪ್ಪು ಏನೂ ಇಲ್ಲಾ?" ಎಂದು ಅವರು ತಮ್ಮನನ್ನು ಇನ್ನೊಮ್ಮೆ ಕೇಳಿದರು, ತಮ್ಮನಿಗಾಗಿ ಬಾಗಿಲು ತೆರೆದಿಟ್ಟು ನಿಂತ ಹಾಗೆ ಕೇಳಿದರು. ಅವರೂ ಪ್ರೀತಿಯಿಲ್ಲದವರಲ್ಲ.

"ಇಲ್ಲ."

"ಅವ್ವನ ಮುಂದೆ ಆಡಿದ ಮಾತು ನೆನಪೈತಾ?"

"ಐತೆ." ಏಕಾಂತಪ್ಪ ಜೇಬಿನಿಂದ ಸ್ಪ್ಯಾನರನ್ನು ತೆಗೆದು ಗಾದಿಯ ಬಿಳಿಯ ಬಟ್ಟೆಯ ಮೇಲಿಟ್ಟ. ಕೋಟು ಮೊದಲ ಸಲ ಎರಡೂ ಕಡೆ ಸಮನಾಗಿ ನಿಂತಿತು. "ಆತಲ್ಲ, ಮುಂದೆ?" ಎಂದ.

ವಾಹನವನ್ನು ಹಿರಿಯೂರಿನ ಒಬ್ಬ ಕಂಟ್ರಾಕ್ಟರು ಕೊಂಡುಕೊಂಡು ಹೋದರು. ಆಮೇಲಿನ ದಿನಗಳಲ್ಲಿ ಏಕಾಂತಪ್ಪನ ಸಹವಾಸ ದುಸ್ಸಹವಾಗಿತ್ತೆಂದು ಬಾಯಿಬಿಟ್ಟೇ ಹೇಳುತ್ತೇನೆ. ನನ್ನ ಮನೆಗೆ ಬಂದು ಚಾಪೆಯ ಈಚಲು ಕಿತ್ತ, ಗಡಿಯಾರ ಬಿಚ್ಚಿದ, ಮೊಳೆ ಹೊಡೆಯಬೇಕಿಲ್ಲದ ಕಡೆ ಮೊಳೆ ಹೊಡೆದ. ದೂರದಲ್ಲಿ ಎಲ್ಲಾದರೂ ಮೋಟಾರಿನ ಸದ್ದು ಕೇಳಿದರೆ ಮಾತು ನಿಲ್ಲಿಸಿ, ಆ ಸದ್ದು ಅಡಗುವವರೆಗೆ ಗೋಡೆಯನ್ನೇ ನೋಡುತ್ತಿದ್ದ. ಆಗೆಲ್ಲ ಅವನನ್ನು ಬೈಯಲು ನನಗೆ ಬಾಯಿ ಬರುತ್ತಿರಲಿಲ್ಲ.

ಮುಂದಿನ ಸುಗ್ಗಿಯಲ್ಲಿ ನಾನು ಹೊಳಲ್ಕೆರೆಯಿಂದ ಜಟಕಾದಲ್ಲಿ ಬರುತ್ತಿದ್ದೆ. ಆ ಏರಿನಲ್ಲಿ ಮುಂದೆ ಗೊಲ್ಲಪ್ಪನ ಗಾಡಿ ನಿಧಾನವಾಗಿ ಹತ್ತುತ್ತಿತ್ತು. ಗಿರಿಯಮ್ಮ ಎತ್ತುಗಳ ಪಕ್ಕದಲ್ಲಿದ್ದಳು. ಅವಳ ಎರಡು ಬೆರಳು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ, ಕಲ್ಲೆತ್ತಲು ಆಗುತ್ತಿರಲಿಲ್ಲ. ಗಾಡಿಯ ಹಿಂದೆ, ಬೀಸುವ ಕಲ್ಲಿನ ಹೋಳನ್ನು ಎದೆಗವಚಿಕೊಂಡು, ಕಾಕಿ ಕೋಟಿನ ಉದ್ದನೆಯ ಮನುಷ್ಯನೊಬ್ಬ ಅದೇ ಬಿಸಿಬಂಡೆಯ ನಡಿಗೆಯಲ್ಲಿ ನಡೆಯುತ್ತಿದ್ದ. ಗಾಡಿ ನಿಂತಿತು, ಅವನು ಬಗ್ಗಿ ಕಲ್ಲು ಕೊಟ್ಟ. ಎತ್ತುಗಳು ಉಸಿರು ಬಿಟ್ಟು ಹೊರಟವು, ಅವನು ಬಗ್ಗಿ ಕಲ್ಲೆತ್ತಿಕೊಂಡ. "ಆತಲ್ಲ ಸಾವ್ಕಾರ್ರೆ, ಮುಂದೆ?" ಎಂದು ಗಿರಿಯಮ್ಮ ಮುಂದಿನಿಂದ ಛೇಡಿಸಿದಳು.

ಹಳೆಯ ಅಭ್ಯಾಸದ ಮೇಲೆ, ಉತ್ತರವನ್ನು ನಿರೀಕ್ಷಿಸದೆಯೇ, ನಾನು ಜಟಕಾದಿಂದ "ಏಕಾಂತಪ್ಪಾ" ಎಂದು ಕೂಗಿದೆ.

ಅವನು ನಿಂತ. ಕಲ್ಲನ್ನು ಹಿಡಿದುಕೊಂಡೇ ಇಡೀ ಮೈ ತಿರುಗಿಸಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಕೂಗಿದವರು ಯಾರೆಂದು ನೋಡಿದ. "ಬರ್ರಿ ಮೇಷ್ಟ್ರೇ, ಹೋಗಾಣ" ಎಂದ.

ಚಡಪಡಿಸುವ ಮನುಷ್ಯರನ್ನು ಕೂರಿಸಿ ಬುದ್ಧಿ ಹೇಳಬೇಕೆಂದು ನಮ್ಮಂಥ ಕೂತವರೆಲ್ಲ ಬಯಸುತ್ತೇವೆ. ಅವರು ಕೂರುವುದಿಲ್ಲ, ವೇಗವನ್ನು ಕಿತ್ತುಕೊಂಡರೂ ಕಾಲು ಅವರಲ್ಲೇ ಉಳಿದಿರುತ್ತದೆ. ತಾವು ದಾಟಿಹೋದ ದಾರಿಯಲ್ಲಿ ಯಾರೋ ತಮ್ಮನ್ನು ಕೂಗಿದ್ದರೆಂದು ಒಮ್ಮೆ ತಿಳಿದರೆ ಮಾತ್ರ, ಆ ಚಡಪಡಿಕೆಯೇ ಅವರ ಕತ್ತನ್ನು ತಿರುಗಿಸುತ್ತದೆ. ಆಮೇಲೆ ಜೀವಮಾನವೆಲ್ಲ ಅವರು ಇನ್ನೊಬ್ಬರ ಗಾಡಿಯ ಹಿಂದೆ, ತಮ್ಮದೆಂದು ಒಪ್ಪಿಕೊಂಡ ಕಲ್ಲನ್ನು ಹೊತ್ತು, ಏರು ಹತ್ತುತ್ತಲೇ ಇರುತ್ತಾರೆ.