ಕೇಳಿಸದ ಡಿ

ನನ್ನ ಅಕ್ಕ ಸ್ವೀ ಲಾನ್ ಜೀವಮಾನದಲ್ಲಿ ಒಂದೇ ಒಂದು ಸಲ ಬಾಯಿಬಿಟ್ಟು ಮನಸ್ಸಿನ ಮಾತು ಹೇಳಿದಳು. ಅದನ್ನೂ ಇಂಗ್ಲಿಷಿನಲ್ಲಿ ಹೇಳಿ ಕೆಡಿಸಿಕೊಂಡಳು.

ಮಲೇಷ್ಯಾದ ಪೆನಾಂಗ್‌ನಲ್ಲಿ ನಮ್ಮಿಬ್ಬರದೊಂದು ಕಾಫಿ ಅಂಗಡಿ. ಭಾವ ತೀರಿಕೊಂಡ ಮೇಲೆ ಅಕ್ಕ ಒಲೆಯ ಮುಂದೆ, ನಾನು ಗಲ್ಲಾದ ಹಿಂದೆ. ಮಿಸ್ಟರ್ ನೈಜೆಲ್ ಇಂಗ್ಲೆಂಡಿನ ಶಾಲೆಯಲ್ಲಿ ವ್ಯಾಕರಣ ಕಲಿಸಿ ನಿವೃತ್ತರಾಗಿ, ಹೋದ ವರ್ಷ ನಮ್ಮ ಬೀದಿಗೆ ಬಂದ ವಿಧುರ. ದಿನಾ ಬೆಳಿಗ್ಗೆ ಕಾಯಾ ಎಂಬ ತೆಂಗಿನ ಹಾಲಿನ ಜಾಮ್ ಹಚ್ಚಿದ ಬ್ರೆಡ್ಡು, ಸಕ್ಕರೆಯಿಲ್ಲದ ಕಾಫಿ. ನಮ್ಮ ದರಪಟ್ಟಿಯಲ್ಲಿ ಸ್ಪೆಲಿಂಗ್ ತಪ್ಪು ಹುಡುಕುವುದು ಬಿಟ್ಟರೆ ಆಸಾಮಿಗೆ ಬೇರೆ ಚಟವಿಲ್ಲ. ಅಕ್ಕ ಎದುರು ಬಂದರೆ ಮಾತ್ರ ಬಾಯಿ ಬಂದ್.

ಕಳೆದ ಶುಕ್ರವಾರ ಕಿವಿ ಕೆಂಪಗೆ ಮಾಡಿಕೊಂಡು ಕೇಳಿಯೇಬಿಟ್ಟರು. "ಸ್ವೀ ಲಾನ್, ನಾನಂದ್ರೆ ನಿಮಗೆ ಇಷ್ಟಾನಾ? ಇಷ್ಟ ಇದ್ರೆ ಮದುವೆ ಆಗಿ ಇಲ್ಲೇ ಇರೋಣ. ಇಲ್ಲಾಂದ್ರೆ ನಾನು ಊರಿಗೆ ಹೊರಡ್ತೀನಿ."

ಅಕ್ಕ ಕೈಯಲ್ಲಿದ್ದ ಮೇಜು ಒರೆಸುವ ಬಟ್ಟೆ ಹಿಂಡುತ್ತಾ ಮೆಲ್ಲಗೆ ಹೇಳಿದಳು: "ಐ ಯೂಸ್ ಟು ಲೈಕ್ ಯು."

ಅರ್ಧ ಕುಡಿದ ಕಾಫಿ ಬಿಟ್ಟು ಎದ್ದು ಹೋದವರು ನಾಲ್ಕು ದಿನ ಈ ಕಡೆ ತಲೆ ಹಾಕಲಿಲ್ಲ.

"ಹೂಂ ಅಂದಿದ್ದಕ್ಕೇ ಓಡಿಹೋದ್ರಲ್ಲೇ," ಎಂದು ಅಕ್ಕ ಅತ್ತಳು. "ಈ ವಯಸ್ಸಲ್ಲಿ ನಂಗಿದು ಬೇಕಿತ್ತಾ?"

ನನಗೆ ಮೈಯೆಲ್ಲ ಉರಿಯಿತು. ಒಪ್ಪಿಕೊಂಡರೆ ಓಡಿಹೋಗುವ ಗಂಡು ಕೇಳುವುದಾದರೂ ಯಾಕೆ?

ಬುಧವಾರ ಬಂದರು. ಹೋದ ವಾರ ಅಕ್ಕ ಊಟ ಕಳಿಸಿದ್ದ ಕ್ಯಾರಿಯರ್ ತೊಳೆದು ತಂದಿದ್ದರು. "ನಾಳೆ ವಿಮಾನ," ಎಂದರು, ಯಾರ ಮುಖವನ್ನೂ ನೋಡದೆ.

"ಕಾಫಿ ಕುಡಿದೇ ಓಡಿ," ಎಂದೆ. "ಹೊಟ್ಟೆ ಖಾಲಿ ಇದ್ರೆ ಅಷ್ಟು ದೂರ ಓಡೋಕಾಗಲ್ಲ."

ಪಕ್ಕದ ಮೇಜಿನ ಅಂಕಲ್ ಬೂನ್ ಪಾಪ ಅನ್ನಿಸಿ ಸಕ್ಕರೆ ಡಬ್ಬಿ ಮುಂದೆ ತಳ್ಳಿದರು. ಅಕ್ಕ ಅದನ್ನು ಹಿಂದಕ್ಕೆಳೆದು ಕಪ್ಪು ಕುಕ್ಕಿದಳು. "ಬೇಡ ಅಂಕಲ್. ಹೀ ಯೂಸ್ ಟು ಡ್ರಿಂಕ್ ವಿದೌಟ್ ಶುಗರ್."

ಮೇಷ್ಟ್ರು ತಡೆಯಲಾರದೆ ತಿದ್ದಿದರು. "ಕುಡೀತಿದ್ದೆ ಅಂದ್ರೇನು? ಈಗಲೂ ಹಾಗೇ ಕುಡಿಯೋದು."

"ನಾನು ಹೇಳಿದ್ದೂ ಅದೇ. ದಿನಾ ಹಾಗೇ ಕುಡೀತೀರಿ."

"ಯೂಸ್ಡ್ ಟು ಅಂದ್ರೆ ಹಿಂದೆ ಇತ್ತು, ಈಗಿಲ್ಲ ಅಂತ!"

"ನಮ್ಮಲ್ಲಿ ಯೂಸ್ ಟು ಅಂದ್ರೆ ದಿನಾ ಇರೋದು. ಮುಗಿದುಹೋಗಿದ್ದಕ್ಕೆ ನಾವು ಲಾಸ್ಟ್ ಟೈಮ್ ಅಂತೀವಿ ಲಾ," ಎಂದು ಅಂಕಲ್ ಬೂನ್ ಬೋಳು ತಲೆ ಸವರಿಕೊಂಡರು. "ಲಾಸ್ಟ್ ಟೈಮ್ ಇಲ್ಲಿ ಕೂದಲಿತ್ತು."

ಮಿಸ್ಟರ್ ನೈಜೆಲ್ ದೊಪ್ಪನೆ ಕೂತರು. "ಹಾಗಾದ್ರೆ ಆವತ್ತು ನೀವು ಹೇಳಿದ್ದು... ಯೂಸ್ ಕೊನೇಲಿ ಡಿ ಇರಲಿಲ್ವಾ?"

"ನಿಮಗೆ ಕೇಳಿಸ್ತಾ?" ಎಂದೆ ನಾನು.

"ಅದು ಯಾರು ಹೇಳಿದ್ರೂ ಕೇಳಿಸಲ್ಲ. ಮುಂದಿನ ಟ ನುಂಗಿಬಿಡುತ್ತೆ. ಬರೆಯುವಾಗ ಮಾತ್ರ ಇರುತ್ತೆ."

"ಕೇಳಿಸದೇ ಇರೋ ಒಂದು ಅಕ್ಷರಕ್ಕೆ ನಮ್ಮಕ್ಕನ್ನ ಇಷ್ಟು ದಿನ ಅಳಿಸಿದ್ರಾ? ನಿಮ್ಮ ಕಿವಿ ಹಿಂಡೋ ಮೇಷ್ಟ್ರು ಯಾರೂ ಸಿಗಲಿಲ್ವಾ?"

ಅವರು ನನ್ನ ಮಾತಿಗೆ ಕಿವಿಗೊಡಲೇ ಇಲ್ಲ. ಎದ್ದು ನಿಂತು ಅಂಗಿ ಸರಿಮಾಡಿಕೊಂಡರು. ಬೇಕೆಂದೇ ತಪ್ಪು ಮಾಡುವುದು ಆ ಮನುಷ್ಯನಿಗೆ ಎಷ್ಟು ಕಷ್ಟವೆಂದು ಮುಖದಲ್ಲೇ ಕಾಣುತ್ತಿತ್ತು. ನಿಜ ಹೇಳುತ್ತೇನೆ, ಆಗ ನನಗೂ ಅವರ ಮೇಲೆ ಪ್ರೀತಿ ಬಂತು.

"ಸ್ವೀ ಲಾನ್, ಐ ಯೂಸ್ ಟು ಲವ್ ಯು."

ಅಕ್ಕ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಲಾಸ್ಟ್ ಟೈಮಾ?"

"ಅಯ್ಯೋ, ಅಲ್ಲ! ದಿನಾ! ದಿನಾ!"

ಅಕ್ಕ ಕ್ಯಾರಿಯರ್ ಎತ್ತಿಕೊಂಡು ಒಳಗೆ ಹೋದಳು. ಅನ್ನ, ಮೀನಿನ ಸಾರು ತುಂಬಿ ತಂದು ಅವರ ಮುಂದಿಟ್ಟಳು.

"ನಾಳೆ ತೊಳ್ಕೊಂಡು ಬನ್ನಿ," ಎಂದಳು.