ಅಪ್ಪನ ಕೆಂಪು ಚೀಟಿ

ಅಪ್ಪನ ಕೇಸ್ ಶೀಟಿನ ಮೇಲೆ ಒಂದು ಕೆಂಪು ಚೀಟಿ ಅಂಟಿಸಿದ್ದರು: ‘ಪೆನಿಸಿಲಿನ್ ಅಲರ್ಜಿ’. ನಮ್ಮ ಆಸ್ಪತ್ರೆಯಲ್ಲಿ ಕೆಂಪು ಚೀಟಿಗಿರುವ ಮರ್ಯಾದೆ ದೊಡ್ಡ ಡಾಕ್ಟರಿಗೂ ಇಲ್ಲ. ಒಮ್ಮೆ ಅಂಟಿತೆಂದರೆ ಯಾಕೆ ಎಂದು ಯಾರೂ ಕೇಳುವುದಿಲ್ಲ. ಹಳೆಯ ಫೈಲಿನಿಂದ ಹೊಸ ಫೈಲಿಗೆ ಇಳಿಯುತ್ತ, ಅಪ್ಪನ ಜೊತೆ ಅದೂ ಮೂರು ಆಸ್ಪತ್ರೆ ಸುತ್ತಿ ಬಂದಿತ್ತು.

ಅಪ್ಪ ಟೈಲರ್. ವರ್ಷದಿಂದ ಒಂದು ಹುಳುಕು ಹಲ್ಲನ್ನು ಲವಂಗ ಇಟ್ಟು ಸಾಕಿಕೊಂಡಿದ್ದರು. ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಎಂದರೆ ‘ಕಾಲರ್ ಕೆಲಸ ಬಾಕಿ ಇದೆ’ ಎನ್ನುತ್ತಿದ್ದರು. ಕೊನೆಗೆ ಹಲ್ಲಿನ ರೋಗಾಣು ರಕ್ತಕ್ಕಿಳಿದು ಹೃದಯದ ಕವಾಟದಲ್ಲಿ ಬಿಡಾರ ಹೂಡಿತು. ಆ ರೋಗಾಣುವಿಗೆ ಪೆನಿಸಿಲಿನ್ನೇ ಸರಿಯಾದ ಮದ್ದು. ಚೀಟಿಯ ದೆಸೆಯಿಂದ ಬೇರೆ ಔಷಧಿ ಹಾಕಿದ್ದರು. ಅದು ಜ್ವರ ಇಳಿಸುವುದನ್ನು ಬಿಟ್ಟು, ಐದನೇ ದಿನಕ್ಕೆ ಕಿಡ್ನಿಗೆ ಕೈ ಹಾಕಿತು.

“ರಿಪೋರ್ಟ್ ಚೆನ್ನಾಗಿಲ್ಲಮ್ಮ,” ಎಂದರು ಡಾಕ್ಟರು. “ಇದನ್ನೂ ನಿಲ್ಲಿಸಬೇಕಾಗಿ ಬಂದ್ರೆ ಉಳಿಯೋ ದಾರಿಗಳು ಕಡಿಮೆ.”

ನಾನು ಅದೇ ಆಸ್ಪತ್ರೆಯ ನರ್ಸಿಂಗ್ ಕಾಲೇಜಿನಲ್ಲಿ ಮೂರನೇ ವರ್ಷದವಳು. ಹಾಸ್ಟೆಲಿನಲ್ಲಿ ನನ್ನ ಹೆಸರು ಓಡುತ್ತಿದ್ದುದು ಅಂಕಗಳಿಂದಲ್ಲ, ಅಣಕದಿಂದ. ನಮ್ಮ ಮೇಡಂ ಮೂಗಿನಲ್ಲಿ ಮಾತಾಡಿ, ವಾಕ್ಯದ ಬಾಲವನ್ನು ಜಗ್ಗುತ್ತಿದ್ದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನಾನು ಶುರು ಮಾಡಿದರೆ ಮಂಚಗಳೇ ನಗುತ್ತಿದ್ದವು: “ಮಕ್ಕಳೇಏಏ, ಆರೋಗ್ಯ ಅಂದ್ರೆ ಬರೀ ಕಾಯಿಲೆ ಇಲ್ದಿರೋದಲ್ಲಾಆಆ! ಮೈ, ಮನಸ್ಸು, ಮಂದಿ, ಮೂರೂ ನೆಟ್ಟಗಿರಬೇಕೂಊಊ!” ಹೀಗೆ ಅಣಕಿಸಿ ಅಣಕಿಸಿಯೇ ನನಗೆ ಇಡೀ ಪಾಠ ಬಾಯಿಗೆ ಬಂದುಬಿಟ್ಟಿತ್ತು.

ಡಾಕ್ಟರು ಹೋದ ಮೇಲೆ ಅಪ್ಪನ ಪಕ್ಕದ ಸ್ಟೂಲಿನಲ್ಲಿ ಕುಳಿತೆ. ಅಳು ಬರಬೇಕಾದ ಜಾಗದಲ್ಲಿ ಮೇಡಂ ಬಂದರು. ‘ದೇಹಕ್ಕೊಬ್ಬ ಕಾವಲುಗಾರ ಇರ್ತಾನೆ, ಮಕ್ಕಳೇಏಏ. ಕೆಲವು ಸಲ ಅವನ ತಲೆ ಕೆಟ್ಟು, ಕಳ್ಳನನ್ನ ಬಿಟ್ಟು ಮನೆಗೆ ಬಂದ ನೆಂಟನಿಗೆ ದೊಣ್ಣೆ ಬೀಸ್ತಾನೆ. ಅದೇ ಅಲರ್ಜೀಈಈ. ಆದ್ರೆ ರೋಗಿ ಅಲರ್ಜಿ ಅಂದ ತಕ್ಷಣ ನಂಬಬೇಡೀಈಈ. ಏನಾಯ್ತು? ಎಷ್ಟು ಹೊತ್ತಿಗಾಯ್ತು? ನೋಡಿದವರು ಯಾರೂಊಊ?’

ಈ ಮೂರು ಪ್ರಶ್ನೆಗಳನ್ನು ನೂರು ಸಲ ಅಣಕಿಸಿದ್ದೆ. ಅಪ್ಪನಿಗೆ ಒಂದು ಸಲವೂ ಕೇಳಿರಲಿಲ್ಲ.

“ಅಪ್ಪಾ, ಪೆನಿಸಿಲಿನ್ ಕೊಟ್ಟಾಗ ಏನಾಗಿತ್ತು?”

“ಚಿಕ್ಕವನಿದ್ದಾಗ. ಬಿದ್ದುಬಿಟ್ಟಿದ್ದೆ.”

“ಮೈಯೆಲ್ಲ ಕೆಂಪು ದದ್ದು? ಉಸಿರು ಕಟ್ತಾ? ತುಟಿ ಊದಿಕೊಳ್ತಾ?”

“ಬಿದ್ದೆ ಅಂದ್ನಲ್ಲ! ಬಿದ್ದವನಿಗೆ ತುಟಿ ಕಾಣುತ್ತೇನು? ಅಮ್ಮ ಹೇಳಿದ್ರು, ಆ ಔಷಧಿ ನಿನಗೆ ಆಗಲ್ಲ ಅಂತ. ಅಷ್ಟೇ.” ಅಪ್ಪ ಗೋಡೆಯ ಕಡೆ ಹೊರಳಿದರು.

ಅಜ್ಜಿ ತೀರಿಕೊಂಡು ಎಷ್ಟೋ ವರ್ಷ. ನೋಡಿದವರೆಂದರೆ ಇನ್ನು ಸೋದರತ್ತೆ ಒಬ್ಬರೇ, ಅಪ್ಪನ ಅಕ್ಕ. ವರಾಂಡಕ್ಕೆ ಹೋಗಿ ಫೋನ್ ಮಾಡಿದೆ. ಅತ್ತೆಯ ಗಂಟಲಿಗೆ ಫೋನಿನ ಅಗತ್ಯವೇ ಇಲ್ಲ.

“ಅತ್ತೆ, ಅಪ್ಪನಿಗೆ ಇಂಜೆಕ್ಷನ್ ಕೊಟ್ಟ ದಿನ ನೀವು ಅಲ್ಲಿದ್ರಾ?”

“ಇದ್ದೆನೇ! ನಾನೇ ಕೈ ಹಿಡಿದು ಕರ್ಕೊಂಡು ಹೋಗಿದ್ದು.”

“ಚುಚ್ಚಿ ಎಷ್ಟು ಹೊತ್ತಿಗೆ ಬಿದ್ರು?”

ಆ ಕಡೆ ಮಾತು ನಿಂತಿತು. ಅತ್ತೆಯ ಕಡೆ ಮಾತು ನಿಲ್ಲುವುದೆಂದರೆ ಕರೆಂಟು ಹೋದ ಹಾಗೆ.

“ಅತ್ತೇ?”

“ಯಾರಿಗೂ ಹೇಳಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೆ.”

“ಅಪ್ಪನ ಕಿಡ್ನಿ ಹೋಗ್ತಿದೆ, ಅತ್ತೆ.”

“ಅಯ್ಯೋ!” ಎಂದವರು ಒಂದೇ ಉಸಿರಿಗೆ ಸುರಿದುಬಿಟ್ಟರು. “ಚುಚ್ಚಲೇ ಇಲ್ಲ ಕಂದಾ! ಕಂಪೌಂಡರ್ ಸೂಜಿ ಎತ್ತಿ ಗಾಳಿ ತೆಗೀತಿದ್ದ, ಇವನು ನೋಡಿದ, ಧೊಪ್ಪಂತ ಬಿದ್ದ. ಔಷಧಿ ಸೂಜಿಯಲ್ಲೇ ಇತ್ತು. ನಿಮ್ಮ ತಾತ ಟೈಲರ್ ಅಲ್ವಾ, ಟೈಲರ್ ಮಗ ಸೂಜಿ ಕಂಡು ಮೂರ್ಛೆ ಹೋದ ಅಂದ್ರೆ ಅಂಗಡಿ ಮುಂದೆ ಜನ ಹಲ್ಲು ಕಿಸೀತಾರೆ ಅಂತ ನಮ್ಮಮ್ಮ, ಔಷಧಿ ಆಗಲ್ಲ ಅಂತ ಸುದ್ದಿ ಹಬ್ಬಿಸಿಬಿಟ್ರು.”

ಗೋಡೆಗೆ ಒರಗಿ ನಿಂತೆ. ಸೂಜಿಯ ಈ ಸೋಜಿಗಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಐದು ದಿನದಿಂದ ರಕ್ತ ತೆಗೆಯಲು ಬಂದಾಗಲೆಲ್ಲ ಅಪ್ಪ ‘ಲೈಟು ಕಣ್ಣಿಗೆ ಹೊಡೆಯುತ್ತೆ’ ಎಂದು ಮುಖಕ್ಕೆ ಟವೆಲ್ ಎಳೆದುಕೊಳ್ಳುತ್ತಿದ್ದರು. ನಾನು, ನರ್ಸ್ ಆಗಲಿರುವವಳು, ಎದ್ದು ಹೋಗಿ ಲೈಟು ಆರಿಸುತ್ತಿದ್ದೆ!

ಡಾಕ್ಟರು ಅತ್ತೆಯೊಡನೆ ತಾವೇ ಫೋನಿನಲ್ಲಿ ಮಾತಾಡಿ ಅದೇ ಮೂರು ಪ್ರಶ್ನೆ ಕೇಳಿದರು. ಆದರೂ ಬಾಯಿಮಾತಿನ ಮೇಲೆ ಚೀಟಿ ಕೀಳಲಾಗುವುದಿಲ್ಲ, ಪರೀಕ್ಷೆ ಆಗಲೇಬೇಕು ಎಂದರು. ವಾರ್ಡಿನ ಸಿಸ್ಟರ್ ಆಮ್ಲಜನಕ ತಂದಿಟ್ಟರು, ಅಲರ್ಜಿ ಎದ್ದರೆ ಕೊಡಲೆಂದು ಅಡ್ರಿನಲಿನ್ ತುಂಬಿದ ಸಿರಿಂಜನ್ನು ಅಪ್ಪನಿಗೆ ಕಾಣದಂತೆ ಟ್ರೇಯಲ್ಲಿ ಮುಚ್ಚಿಟ್ಟರು. ಮೊದಲು ಮುಂಗೈ ಚರ್ಮದಲ್ಲಿ ಒಂದು ಹನಿ ಪೆನಿಸಿಲಿನ್.

“ಅತ್ತೆ ಹೇಳಿಬಿಟ್ರಾ?” ಟವೆಲ್ಲಿನೊಳಗಿಂದ ಅಪ್ಪ ಕೇಳಿದರು.

“ಹ್ಞೂಂ. ದಿನಾ ಸಾವಿರ ಸಲ ಸೂಜಿ ಹಿಡೀತೀರಲ್ಲಪ್ಪಾ!”

“ನನ್ನ ಸೂಜಿ ಬಟ್ಟೆಗೆ ಹೋಗುತ್ತೆ. ನಿಮ್ಮದು ನನಗೆ ಬರುತ್ತೆ.”

ಇಪ್ಪತ್ತು ನಿಮಿಷವಾದರೂ ಚರ್ಮ ಉಬ್ಬಲಿಲ್ಲ. ಆಮೇಲೆ ಡ್ರಿಪ್ಪಿನ ಪೈಪಿನಲ್ಲಿ ಸ್ವಲ್ಪೇ ಸ್ವಲ್ಪ ಔಷಧಿ ಬಿಟ್ಟು ಒಂದು ಗಂಟೆ ಕಾವಲು. ನಾನು ಐದೈದು ನಿಮಿಷಕ್ಕೆ ನಾಡಿ ಹಿಡಿದೆ. ಅಪ್ಪನದಕ್ಕಿಂತ ನನ್ನದೇ ಜೋರಾಗಿ ಓಡುತ್ತಿತ್ತು.

ನಲವತ್ತನೇ ನಿಮಿಷಕ್ಕೆ ಅಪ್ಪ ಕುತ್ತಿಗೆ ಕೆರೆದುಕೊಂಡರು. ಇನ್ನೊಮ್ಮೆ ಕೆರೆದರು.

“ಸಿಸ್ಟರ್!” ಎಂದು ಕೂಗಿದೆ. ಡಾಕ್ಟರು ಕುರ್ಚಿ ಬೀಳಿಸಿಕೊಂಡು ಬಂದರು. ಸಿಸ್ಟರ್ ಟ್ರೇ ತೆರೆದರು. ಕುತ್ತಿಗೆಯ ಹಿಂದೆ ಒಂದು ಕೆಂಪು ಗೆರೆ ಎದ್ದಿತ್ತು.

“ಉಸಿರಾಟ ಹೇಗಿದೆ? ಗಂಟಲು ಬಿಗೀತಿದೆಯಾ?”

“ಉಸಿರು ಇರಲಿ ಡಾಕ್ಟ್ರೇ,” ಎಂದು ಅಪ್ಪ ಆಸ್ಪತ್ರೆಯ ಅಂಗಿಯ ಕಾಲರನ್ನು ಹಿಡಿದು ಮಗುಚಿದರು. “ಈ ಅಂಗಿ ಹೊಲಿದವನು ಯಾರು? ದಾರದ ತುದಿ ಕತ್ತರಿಸಿಲ್ಲ, ಪಟ್ಟಿ ಮಡಚಿಲ್ಲ. ಮುಳ್ಳು ಚುಚ್ಚಿದ ಹಾಗೆ ಚುಚ್ಚುತ್ತೆ. ಬೆಳಗ್ಗಿನಿಂದ ಹೇಳೋಣ ಅಂತಿದ್ದೆ.”

ಡಾಕ್ಟರು ಕೆಂಪು ಗೆರೆಯನ್ನು ಬೆರಳಿನಿಂದ ಒತ್ತಿ, ಎದೆ, ಹೊಟ್ಟೆ, ಬೆನ್ನು ಎಲ್ಲ ನೋಡಿದರು. ಕಾಲರ್ ತಾಗುವಲ್ಲಿ ಬಿಟ್ಟರೆ ಎಲ್ಲೂ ಏನೂ ಇರಲಿಲ್ಲ. ಎದೆಬಡಿತ, ರಕ್ತದೊತ್ತಡ, ಉಸಿರು, ಎಲ್ಲ ಸರಿಯಾಗಿದ್ದವು.

“ಇದು ತುರ್ತು ಅಲ್ಲ ಸಿಸ್ಟರ್, ಬರೀ ತುರಿಕೆ,” ಎಂದೆ. ನಗಿಸಲೆಂದು ಹೊರಟವಳು ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಸಿಸ್ಟರ್ ಅಂಗಿ ಬದಲಿಸಿ, ನನ್ನ ಬೆನ್ನಿಗೊಂದು ಮೃದುವಾದ ಏಟು ಕೊಟ್ಟರು.

ಗಂಟೆ ಮುಗಿಯಿತು. ಪೂರ್ತಿ ಡೋಸ್ ಹೋಯಿತು. ಅದಾದ ಮೇಲೂ ಏನೂ ಆಗಲಿಲ್ಲ. ಡಾಕ್ಟರು ಕೆಂಪು ಚೀಟಿಯನ್ನು ಕಿತ್ತು ಕಸದ ಡಬ್ಬಿಗೆ ಹಾಕಿ, “ಯಾಕೆ ಕಿತ್ತೆವು ಅಂತ ಬರೀಬೇಕು. ಇಲ್ಲದಿದ್ರೆ ಮುಂದಿನವರು ಮತ್ತೆ ಅಂಟಿಸ್ತಾರೆ,” ಎಂದು ಪೆನ್ನು ತೆರೆದರು.

“‘ಹೆದರಿಕೆ’ ಅಂತ ಬರೀಬೇಡಿ,” ಎಂದರು ಅಪ್ಪ.

“ಮತ್ತೇನಂತ ಬರೀಲಿ?”

“ಚಿಕ್ಕ ವಯಸ್ಸು, ಖಾಲಿ ಹೊಟ್ಟೆ, ಸೆಖೆ... ಹಾಗೇನಾದ್ರೂ ಹೊಂದಿಸಿ ಬರೀರಿ.”

ಡಾಕ್ಟರು ಬರೆದರು: ‘ಔಷಧಿ ದೇಹಕ್ಕೆ ಹೋಗಿರಲಿಲ್ಲ. ಅಲರ್ಜಿ ಇಲ್ಲ.’ ಅಪ್ಪ ಎರಡು ಸಲ ಓದಿ ಒಪ್ಪಿದರು.

ಮೂರನೇ ಬೆಳಗ್ಗೆ ಜ್ವರ ಪೂರ್ತಿ ಬಿಟ್ಟಿತು. ಕಿಡ್ನಿಯ ರಿಪೋರ್ಟೂ ಸುಧಾರಿಸತೊಡಗಿತ್ತು. ಡಾಕ್ಟರು ನಗುತ್ತ, “ಇನ್ನು ನಾಲ್ಕು ವಾರ ಇದೇ ಔಷಧಿ. ನಾಲ್ಕು ಗಂಟೆಗೊಂದು ಸಲ,” ಎಂದರು.

ಔಷಧಿ ಕೊಡುವಾಗಲೆಲ್ಲ ಟವೆಲ್ಲಿನೊಳಗೇ ಇರುತ್ತಿದ್ದ ಅಪ್ಪ ಅದು ಹೇಗೆ ಹೋಗುತ್ತದೆಂದು ನೋಡಿಯೇ ಇರಲಿಲ್ಲ. ಅವರ ಕೈ ಮತ್ತೆ ಟವೆಲ್ಲಿನ ಕಡೆ ಹೋಯಿತು. “ದಿನಕ್ಕೆ ಆರು ಸಲ ಚುಚ್ಚೋದಾ?”

“ಚುಚ್ಚೋದೇನು? ಎಲ್ಲಾ ಈ ಪೈಪಿನಲ್ಲೇ ಹೋಗುತ್ತೆ.”

ಅಪ್ಪ ಟವೆಲ್ ಬಿಟ್ಟು ದಿಂಬಿಗೆ ಒರಗಿದರು. “ಅಷ್ಟೇನಾ,” ಎಂದರು. “ಇದನ್ನ ಆ ಕಂಪೌಂಡರ್ ಅವತ್ತೇ ಮಾಡಬಾರದಿತ್ತಾ?”